ಎಂಟು ದನಿಯ ಪೆಟ್ಟಿಗೆ

ನಮ್ಮೂರಿನ ಲೆಕ್ಕ ನಿಮಗೆ ಗೊತ್ತಿರಲಿಕ್ಕಿಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ, ಆಮೇಲೆ ನಡುವೆ ಬಾಯಿ ಹಾಕಬೇಡಿ. ಒಂದು ಕೂಗಳತೆಯೊಳಗೆ ನಮ್ಮಲ್ಲಿ ಎಂಟು ದನಿ ಏಳುತ್ತವೆ, ಅಷ್ಟೇ. ಒಂಬತ್ತನೆಯವರು ಬಾಯಿ ತೆರೆದರೋ, ಎಲ್ಲರಿಗಿಂತ ಮೊದಲಿಂದ ಮಾತಾಡುತ್ತಿದ್ದವರ ದನಿ ತಟಕ್ಕನೆ ತುಂಡಾಗುತ್ತದೆ. ತುಟಿ ಆಡುತ್ತಿರುತ್ತದೆ, ಸದ್ದಿರುವುದಿಲ್ಲ. ಹಾಗೆ ತುಂಡಾದ ಗಂಟಲು ಮತ್ತೆ ಏಳಬೇಕಾದರೆ ಒಂದು ಎಲೆಅಡಿಕೆ ಜಗಿದು ಉಗಿಯುವಷ್ಟು ಹೊತ್ತು ಬೇಕು. ಮನುಷ್ಯರ ಗಂಟಲಿಗೆ ಮಾತ್ರವಲ್ಲ, ವಾಲಗಕ್ಕೂ ಹಾರ್ಮೋನಿಯಮ್ಮಿಗೂ ಇದೇ ಲೆಕ್ಕ. ಡೋಲಿಗೆ, ಪಾತ್ರೆ ಬಿದ್ದ ಸದ್ದಿಗೆ, ನಾಯಿ ಬೊಗಳುವುದಕ್ಕೆ ಲೆಕ್ಕವಿಲ್ಲ. ಯಾಕೆ ಹೀಗೆ ಅಂತ ಕೇಳಬೇಡಿ. ನಿಮ್ಮೂರಲ್ಲಿ ನೀರು ಯಾಕೆ ಇಳಿಜಾರಿಗೇ ಹರಿಯುತ್ತದೆ ಅಂತ ನಾನು ಕೇಳಿದೆನೇ?

ಇದಕ್ಕೆ ಹೊಂದಿಕೊಂಡೇ ಬದುಕಿದವರು ನಾವು. ಸಂತೆಯಲ್ಲಿ ಬೆರಳಲ್ಲೇ ಚೌಕಾಸಿ ಮಾಡುತ್ತೇವೆ. ಯಾರ ಮನೆಯಲ್ಲಾದರೂ ಹೆರಿಗೆ ನೋವು ಬಂದರೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ, ಇಡೀ ಬೀದಿ ಬಾಯಿ ಮುಚ್ಚಿಕೊಳ್ಳುತ್ತದೆ, ಕೂಸಿನ ಮೊದಲ ಅಳುವಿಗೆ ಜಾಗ ಸಿಗಲಿ ಅಂತ. ತುಂಬಿದ ಮನೆಯಲ್ಲಿ ಜಗಳವಾದರೆ ಸೊಸೆಯಂದಿರು ಅತ್ತೆಗೇ ಮೊದಲು ಮಾತು ಬಿಡುತ್ತಾರೆ. ಗೌರವಕ್ಕಲ್ಲ, ಮೊದಲು ಶುರು ಮಾಡಿದವರ ದನಿಯೇ ಮೊದಲು ಹೋಗುವುದು ಅಂತ. ದೊಡ್ಡವರು ಬಂದರೆ ಚಿಕ್ಕವರು ಆಡುತ್ತಿದ್ದ ಮಾತನ್ನು ಅರ್ಧಕ್ಕೇ ನಿಲ್ಲಿಸಿ ಜಾಗ ಬಿಡಬೇಕು. ಇದನ್ನು ಬಿಟ್ಟುಕೊಡುವುದು ಅನ್ನುತ್ತೇವೆ. ಒಬ್ಬರ ಮಾತು ಅರ್ಧಕ್ಕೆ ನಿಂತಾಗ ‘ಏನಂದೆ?’ ಅಂತ ತಿರುಗಿ ಕೇಳುವುದು ನಮ್ಮಲ್ಲಿ ನಡತೆಗೆಟ್ಟವರ ಲಕ್ಷಣ. ಪಾಪ, ಬಿಟ್ಟುಕೊಟ್ಟರು ಅಂತ ತಿಳಿದುಕೊಂಡು ಸುಮ್ಮನಿರಬೇಕು. ಇದಕ್ಕೆ ಸಭ್ಯತೆ ಅಂತ ಹೆಸರು. ಈ ಸಭ್ಯತೆಗಿಷ್ಟು ಬೆಂಕಿ ಹಾಕ.

ಇನ್ನೂ ಒಂದಿದೆ. ದನಿಗೆ ಇಷ್ಟು ಬರ ಇರುವ ಊರಲ್ಲಿ ಬಾಯಿಬಿಟ್ಟು ಹೇಳಿದ ಮಾತಿಗೆ ಮಾತ್ರ ಬೆಲೆ. ಒಬ್ಬರ ಮೇಲೆ ದೂರು ಇದ್ದರೆ ಸಭೆಯಲ್ಲಿ ನಿಂತು, ಅವರ ಎದುರಿಗೇ, ಮೊದಲಿಂದ ಕೊನೆಯವರೆಗೆ ಹೇಳಬೇಕು. ಕಾಗದ ಕೊಟ್ಟರೆ ನಡೆಯುವುದಿಲ್ಲ. ಸಭೆಯ ಹಿರಿಯರು ಮೂರು ಸಲ ಕೇಳುತ್ತಾರೆ. ಮೂರನೆಯದು ಮುಗಿಯುವುದರೊಳಗೆ ದೂರು ಪೂರ್ತಿ ಆಗದಿದ್ದರೆ ಅದು ಹುಟ್ಟಲೇ ಇಲ್ಲ ಅಂತ ಲೆಕ್ಕ. ಮತ್ತೆ ಎತ್ತುವ ಹಾಗಿಲ್ಲ.

ನಾನು ದಾಕ್ಷಾಯಣಿ. ಊರ ನಡುವಿನ ದೊಡ್ಡ ಛತ್ರದಲ್ಲಿ ಹೋಳಿಗೆ ಸಾಲಿನ ಯಜಮಾನಿಕೆ ನನ್ನದು. ಸಾಲು ಅಂದರೆ ನಿಜವಾಗಿ ಸಾಲೇ. ನಾನು ಕಣಕ ಹರಿದು ಉಂಡೆ ಮಾಡಿ ಪಕ್ಕಕ್ಕೆ ತಳ್ಳುತ್ತೇನೆ. ಪಕ್ಕದವಳು ತಾಯವ್ವ, ಅದನ್ನು ಅಂಗೈಯಲ್ಲಿ ಅಗಲಿಸುತ್ತಾಳೆ. ಅವಳ ಪಕ್ಕದವಳು ಹೂರಣ ಇಡುತ್ತಾಳೆ, ಅದರಾಚೆಯವಳು ಬಾಯಿ ಮುಚ್ಚುತ್ತಾಳೆ, ಹಾಗೆ ತಟ್ಟಿ, ಲಟ್ಟಿಸಿ, ಕಾವಲಿಗೆ ಹಾಕಿ, ತಿರುವಿ, ಇಳಿಸಿ, ತುಪ್ಪ ಸವರಿ, ಕೊನೆಯವಳ ಕೈಗೆ ಹೋಗುತ್ತದೆ. ಕೊನೆಯವಳು ಬುಟ್ಟಿಯಲ್ಲಿ ಪೇರಿಸುತ್ತಾಳೆ. ಇಷ್ಟೂ ಕೆಲಸದಲ್ಲಿ ಯಾರೂ ಒಂದು ಮಾತಾಡುವುದಿಲ್ಲ. ಪಕ್ಕದ ಕೈ ಯಾವಾಗ ಖಾಲಿಯಾಗುತ್ತದೆ ಅಂತ ಮೈಗೇ ಗೊತ್ತಾಗುತ್ತದೆ. ಕೊನೆಗೆ ಕೂತು ಪೇರಿಸುತ್ತಿದ್ದವಳು ಮಂಗಳಿ. ಹೆಸರು ಸರ್ವಮಂಗಳ, ನನ್ನ ತಂಗಿಯ ಮಗಳು. ತಂಗಿ ಸತ್ತ ಮೇಲೆ ನನ್ನ ಕೈಯಲ್ಲೇ ಬೆಳೆದವಳು, ನನ್ನನ್ನು ದೊಡ್ಡಮ್ಮ ಅನ್ನುತ್ತಿದ್ದಳು.

ಛತ್ರ ವೃಷಭೇಂದ್ರಪ್ಪನದು. ಈ ಮನುಷ್ಯನ ಸೊಂಟದಲ್ಲಿ ಸದಾ ಬೀಗದ ಕೈ ಗೊಂಚಲು ನೇತಾಡುತ್ತಿತ್ತು. ತುಪ್ಪದ ಡಬ್ಬ ಕಮ್ಮಿಯಾಗುತ್ತಿದೆ ಅಂತ ಅವನಿಗೆ ಅನುಮಾನ. ಅಡಿಗೆಯ ಹೆಂಗಸರು ಯಾರೇ ಉಗ್ರಾಣಕ್ಕೆ ಹೋಗಲಿ, ಹೊರಗಿಂದ ಬೀಗ ಹಾಕಿಸಿಬಿಡುತ್ತಿದ್ದ. ಒಳಗೆ ಅಳೆದು ಮುಗಿಸಿ ಕೂಗಬೇಕು, ಇವನು ಬಂದು ತೆಗೆಯಬೇಕು, ಸೆರಗು ಒದರಿ ತೋರಿಸಿ ಹೊರಗೆ ಬರಬೇಕು. ನಾವೇನು ಸುಮ್ಮನಿದ್ದೆವೇ? ಗೊಣಗಿದೆವು. ಒಂದೊಂದಾಗಿ ಎಲ್ಲದಕ್ಕೂ ಹೊಂದಿಕೊಳ್ಳುವ ಊರು ಇದು, ಅದಕ್ಕೂ ಹೊಂದಿಕೊಂಡೆವು.

ಆ ಪೆಟ್ಟಿಗೆಯನ್ನು ಊರಿಗೆ ತಂದವನೂ ಅವನೇ. ಸಿಂಥಸೈಜರ್ ಅಂತ ಅದರ ಹೆಸರು, ನಮ್ಮ ಬಾಯಲ್ಲಿ ಸಿಂತ್ ಆಯಿತು. ನುಡಿಸಲು ಭಾನುಪ್ರಕಾಶ ಅನ್ನುವವನನ್ನು ಇಟ್ಟುಕೊಂಡ. ಮೂವತ್ತು ದಾಟಿದವನು, ಊದಿದರೆ ಹಾರಿಹೋಗುವಂಥ ಮೈ, ಪೆಟ್ಟಿಗೆ ಮುಂದೆ ಕೂತರೆ ಮಾತ್ರ ಬೆನ್ನು ನೇರವಾಗುತ್ತಿತ್ತು. ಅವನು ಊಟಕ್ಕೆ ಅಡಿಗೆಮನೆಗೇ ಬರುತ್ತಿದ್ದ. ಬಂದಾಗ ಪೆಟ್ಟಿಗೆಯದೇ ಕಥೆ. ಒಳಗೆ ಎಂಟು ದನಿ ಇವೆಯಂತೆ, ಎಂಟಕ್ಕೂ ಬೇರೆ ಬೇರೆ ಹಲಗೆ, ಬೇರೆ ಬೇರೆ ತಂತಿ. ಕಂಪ್ಯೂಟರಿನ ಹಾಗೆ ಲೆಕ್ಕ ಹಾಕಿ ಮಾಡಿದ ಸದ್ದಲ್ಲ, ಕರೆಂಟೇ ಒಳಗೆ ನಡುಗಿ ದನಿಯಾಗುವುದಂತೆ. ಅದಕ್ಕೇ ಬೆಳಗ್ಗೆ ಸ್ವಿಚ್ಚು ಹಾಕಿದ ಕೂಡಲೇ ನುಡಿಸುವ ಹಾಗಿಲ್ಲ, ಕಾವಲಿಯ ಹಾಗೆ ಕಾಯಬೇಕು. ಕಾಯುವ ತನಕ ಒಂದೊಂದು ದನಿ ಒಂದೊಂದು ಕಡೆ ಜಾರುತ್ತದೆ. ಆಮೇಲೆ ಒಂದು ಗುಂಡಿ ಒತ್ತಿದರೆ ಎಂಟೂ ತಮ್ಮಷ್ಟಕ್ಕೇ ಶ್ರುತಿಗೆ ಬಂದು ಕೂರುತ್ತವೆ. ಆದರೂ ಕೂದಲೆಳೆಯಷ್ಟು ಹೆಚ್ಚು ಕಮ್ಮಿ ಉಳಿದೇ ಉಳಿಯುತ್ತದೆ, ಸೋಬಾನೆ ಹೇಳುವ ಹೆಂಗಸರ ಗಂಟಲು ಒಂದೇ ಆಗದ ಹಾಗೆ. ಆ ಹೆಚ್ಚು ಕಮ್ಮಿಯೇ ಅದರ ಚೆಲುವು ಅಂತ ಅವನು ಸಾರು ಕಲಸುತ್ತಾ ಹೇಳುತ್ತಿದ್ದ.

ನಿಜ ಹೇಳಬೇಕೆಂದರೆ ನಮಗೂ ಅದು ಇಷ್ಟವಾಯಿತು. ಒಂದು ಗುಂಡಿ ತಿರುಗಿಸಿದರೆ ದನಿಯ ಮೇಲೆ ಮುಚ್ಚಳ ಇಟ್ಟ ಹಾಗೆ ಮಂಕಾಗುತ್ತಿತ್ತು, ತೆರೆದರೆ ಬೆಳಕು ಬಂದ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಒತ್ತಿದ ಬೆರಳನ್ನು ಇನ್ನಷ್ಟು ಅದುಮಿದರೆ ಸ್ವರ ಉಬ್ಬುತ್ತಿತ್ತು. ಇನ್ನೊಂದು ಗುಂಡಿ ಬಾಲದ್ದು. ಅದನ್ನು ತಿರುಗಿಸಿಟ್ಟರೆ ಬೆರಳೆತ್ತಿದ ಮೇಲೂ ಸ್ವರ ಸಾಯುವುದಿಲ್ಲ, ಬಾಲ ಎಳೆದುಕೊಂಡು ಬಹಳ ಹೊತ್ತು ಉಳಿಯುತ್ತದೆ. ಒಮ್ಮೆ ಮಾಡಿದ ದನಿಯನ್ನು ಹೆಸರು ಕೊಟ್ಟು ಒಳಗೇ ಇಟ್ಟುಕೊಳ್ಳಬಹುದು, ವರ್ಷ ಬಿಟ್ಟು ತೆಗೆದರೂ ಹಾಗೇ ಇರುತ್ತದೆ. ಮಂಗಳಿಗೆ ಅದರ ಹುಚ್ಚು ಹಿಡಿಯಿತು. ಅವಳು ಚೆನ್ನಾಗಿ ಹಾಡುತ್ತಿದ್ದಳು. ಎಂಟೂ ದನಿ ಪೆಟ್ಟಿಗೆಯೇ ನುಂಗಿದರೆ ನಾನೆಲ್ಲಿ ಹಾಡಲಿ ಅಂತ ಅವನನ್ನು ಕಾಡಿಸಿದಳು. ಅವನು ನಕ್ಕು ಏಳೇ ಸ್ವರ ಹಿಡಿದ. ಎಂಟನೆಯ ಜಾಗದಲ್ಲಿ ಇವಳು ಹಾಡಿದಳು. ಮಧ್ಯಾಹ್ನ ಪಾತ್ರೆ ತೊಳೆದು ಮುಗಿದ ಮೇಲೆ ಖಾಲಿ ಛತ್ರದಲ್ಲಿ ಅದೇ ಅವರಿಬ್ಬರ ಆಟ. ಒಂದು ಜಾಗ ಬಿಟ್ಟು ನುಡಿಸಲು ಆ ಮನುಷ್ಯನಿಗೆ ಬರುತ್ತಿತ್ತು ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ಆಮೇಲೆ ವೃಷಭೇಂದ್ರಪ್ಪನ ಕಣ್ಣು ಇನ್ನೊಂದು ಗುಂಡಿಯ ಮೇಲೆ ಬಿತ್ತು. ಅದಕ್ಕೆ ಓಟದ ಗುಂಡಿ ಅಂತ ಕರೆಯುತ್ತಿದ್ದೆವು. ನಾಲ್ಕಾರು ಸ್ವರ ಒತ್ತಿ ಹಿಡಿದು ಅದನ್ನು ಅದುಮಿದರೆ ಪೆಟ್ಟಿಗೆ ತಾನೇ ಅವನ್ನು ಒಂದರ ಹಿಂದೊಂದು ಓಡಿಸುತ್ತದೆ. ಕೇಳಲು ಸೊಗಸು, ಜುಳುಜುಳು ಅನ್ನುತ್ತದೆ. ಸುಮ್ಮನೆ ಎಂಟು ಸ್ವರ ಹಿಡಿದಾಗ ನಾವು ಮಾತಾಡಿದರೆ ಪೆಟ್ಟಿಗೆಯ ದನಿಯೇ ತುಂಡಾಗುತ್ತಿತ್ತು, ಅದು ಹಳೆಯದು, ನಾವು ಹೊಸಬರು. ಓಟದಲ್ಲಿ ಹಾಗಲ್ಲ. ಬಾಲವನ್ನು ಉದ್ದ ಬಿಟ್ಟು ಓಡಿಸಿದರೆ ಎಂಟು ಜಾಗವೂ ಯಾವಾಗಲೂ ತುಂಬಿರುತ್ತದೆ, ಮೇಲೆ ಮೇಲೆ ಹೊಸ ಸ್ವರ ಬಂದು ಬೀಳುತ್ತಲೇ ಇರುತ್ತದೆ. ನೀವು ಬಾಯಿ ತೆರೆದು ಒಂದು ಮಾತು ಆಡುವಷ್ಟರಲ್ಲಿ ಎಲ್ಲರಿಗಿಂತ ಹಳಬರು ನೀವೇ ಆಗಿಬಿಟ್ಟಿರುತ್ತೀರಿ. ಒಂದೇ ಮಾತು ಸಾಕು ಅಂತ ಬಾಯಿ ಮುಚ್ಚುವ ಮೊದಲೇ ಕತ್ತರಿ ಬಿದ್ದಿರುತ್ತದೆ. ಆಮೇಲೆ ಎಲೆಅಡಿಕೆ ಜಗಿಯುವಷ್ಟು ಹೊತ್ತು ಮೂಕರ ಹಾಗೆ ಕೂರಬೇಕು.

ಇದರಲ್ಲಿ ಅವನು ವ್ಯಾಪಾರ ಕಂಡ. ಮದುವೆ ಅಂದ ಮೇಲೆ ಜಗಳ ಇದ್ದದ್ದೇ. ಬೀಗರಿಗೆ ಕಾಫಿ ತಣ್ಣಗಾಯಿತು, ಸೋದರಮಾವನಿಗೆ ಪಂಚೆ ಕೊಡಲಿಲ್ಲ, ಏನಾದರೊಂದು. ಛತ್ರದಲ್ಲಿ ಮುಹೂರ್ತ ಮುಗಿದಲ್ಲಿಂದ ಕೈ ತೊಳೆಯುವವರೆಗೆ ಓಟ ನಿಲ್ಲಬಾರದು ಅಂತ ಭಾನುಪ್ರಕಾಶನಿಗೆ ಅಪ್ಪಣೆಯಾಯಿತು. ಜಗಳವೇ ಏಳದ ಛತ್ರ ಅಂತ ಹೆಸರಾಯಿತು. ಹೆಣ್ಣು ಹೆತ್ತವರು ಬಂದು ವೃಷಭೇಂದ್ರಪ್ಪನ ಕೈ ಹಿಡಿದುಕೊಂಡು ಕಣ್ಣೀರು ಹಾಕಿದರು, ನಿಮ್ಮಿಂದ ಮರ್ಯಾದೆ ಉಳಿಯಿತು ಅಂತ. ಊರು ಆ ಪೆಟ್ಟಿಗೆಗೆ ಹಾರ ಹಾಕಿತು. ಎಲ್ಲರೂ ಬಾಯಿ ಮುಚ್ಚಿಕೊಂಡಿರುವುದನ್ನು ಸುಖ ಅಂದುಕೊಳ್ಳುವ ಜನ.

ಮಂಗಳಿ ಹೋದ ದಿನ ನಾನು ಛತ್ರದಲ್ಲಿ ಇರಲಿಲ್ಲ. ಗಂಡಿನ ಕಡೆಯವರ ಬಿಡದಿ ಊರಾಚೆ ಇತ್ತು, ಅಲ್ಲಿಗೆ ಫಲಾಹಾರ ಹೊರಿಸಿಕೊಂಡು ಹೋಗಿದ್ದೆ. ತುಪ್ಪ ಮುಗಿಯಿತು ಅಂತ ಮಂಗಳಿ ಉಗ್ರಾಣಕ್ಕೆ ಹೋದಳು. ಹೊರಗಿಂದ ಬೀಗ ಬಿತ್ತು. ಬೀಗ ಹಾಕಿದವನು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀಗರನ್ನು ಪಂಕ್ತಿಗೆ ಕೂರಿಸಲು ಹೋದ. ಉಗ್ರಾಣದ ಗೋಡೆಯಾಚೆ ಒಲೆ ಇತ್ತು, ಕಿಂಡಿಯಿಂದ ಕಿಡಿ ಹಾರಿ ಗೋಣಿಚೀಲದ ರಾಶಿಗೆ ಬಿತ್ತು. ದೊಡ್ಡ ಬೆಂಕಿಯೇನೂ ಏಳಲಿಲ್ಲ. ಹೊಗೆ, ಬರೀ ಹೊಗೆ. ಅವಳು ಬಾಗಿಲು ಬಡಿದಿರಬೇಕು. ಆದರೆ ಹೊರಗೆ ಡೋಲು ಬಡಿಯುತ್ತಿತ್ತು. ಅವಳು ಕೂಗಿದಳು. ಕೂಗಿದ್ದು ಎಲ್ಲರಿಗೂ ಕೇಳಿಸಿತು. ಇದನ್ನು ಊರಿನವರೇ, ಸತ್ತ ಮನೆಗೆ ಮಾತಾಡಿಸಲು ಬಂದವರು, ನನ್ನ ಮುಂದೆ ಕೂತು ಹೇಳಿದರು.

“ಕೇಳಿಸ್ತು ದಾಕ್ಷಾಯಣಕ್ಕ. ‘ಯಾರಾದ್ರೂ’ ಅಂದ್ಲು. ಆಮೇಲೆ ಸುಮ್ನಾದ್ಲು. ಸ್ವಲ್ಪ ಹೊತ್ ಬಿಟ್ಟು ಇನ್ನೊಂದ್ಸಲ ‘ಯಾರಾದ್ರೂ’ ಅಂದ್ಲು. ಏನೋ ಪಾತ್ರೆ ಹಿಡ್ಯೋಕೆ ಕರೀತಾಳೆ, ಬಿಟ್ಟುಕೊಟ್ಲು ಪಾಪ, ಒಳ್ಳೇ ಹುಡುಗಿ ಅಂದ್ಕೊಂಡ್ವಿ.”

ಒಳ್ಳೆಯ ಹುಡುಗಿಯಂತೆ. ಮುನ್ನೂರು ಜನ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದರು. ಮುನ್ನೂರು ಜನರ ಕಿವಿಗೂ ಬಿತ್ತು. ಒಬ್ಬ, ಒಬ್ಬನೇ ಒಬ್ಬ ಎಲೆ ಮುಂದಿನಿಂದ ಎದ್ದು ಏನಮ್ಮಾ ಅಂತ ಕೇಳಲಿಲ್ಲ. ಕೇಳಿದರೆ ನಡತೆ ಕೆಡುತ್ತಿತ್ತಲ್ಲ. ನಾನು ಬಿಡದಿಯಿಂದ ಬರುವ ಹೊತ್ತಿಗೆ ವೃಷಭೇಂದ್ರಪ್ಪನ ಆಳುಗಳು ಹೊಗೆ ಕಂಡು ಬಾಗಿಲು ಒಡೆದು ಅವಳನ್ನು ಅಂಗಳದಲ್ಲಿ ಮಲಗಿಸಿದ್ದರು. ಮೈಮೇಲೆ ಒಂದು ಸುಟ್ಟ ಗಾಯವಿರಲಿಲ್ಲ. ಒಳಗಿನಿಂದ ಓಟ ಇನ್ನೂ ಕೇಳಿಸುತ್ತಲೇ ಇತ್ತು, ಎರಡನೆಯ ಪಂಕ್ತಿ ಕೂತಿತ್ತು. ನಾನು ಬಾಯಿಬಿಟ್ಟು ಅತ್ತೆ. ಅಳು ಒಂದು ಉಸಿರಿಗೇ ತುಂಡಾಯಿತು.

ಬೀಗ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಅಂದರೆ, ಸಿಗಬಾರದವರಿಗೆ ಸಿಗಲಿಲ್ಲ. ಹುಡುಗಿ ಮಲಗಲು ಹೋಗಿ ಒಳಗಿಂದ ಅಗುಳಿ ಹಾಕಿಕೊಂಡಳು, ತುಪ್ಪ ಕದ್ದು ಕಾಯಿಸಿಕೊಳ್ಳಲು ಕೆಂಡ ಒಯ್ದಿದ್ದಳು ಅಂತ ವೃಷಭೇಂದ್ರಪ್ಪ ಹೇಳಿಕೊಂಡು ತಿರುಗಿದ. ಸತ್ತವಳು ಕಳ್ಳಿಯೂ ಆದಳು. ಅವನೇ ಬೀಗ ಹಾಕಿದ್ದನ್ನು ನನ್ನ ಸಾಲಿನ ಹೆಂಗಸರು ಕಣ್ಣಾರೆ ಕಂಡಿದ್ದರು. ನಾನು ಸಭೆ ಕರೆಸಿದೆ. ಸಭೆ ಎಲ್ಲಿ? ಊರಿಗೆಲ್ಲಾ ಹಿಡಿಸುವ ಜಾಗ ಒಂದೇ, ಅವನ ಛತ್ರ. ಛತ್ರದಲ್ಲಿ ಜನ ಸೇರಿದರೆ ಸಂಗೀತ ಇರಲೇಬೇಕು, ಇಲ್ಲದಿದ್ದರೆ ಹೊಡೆದಾಟವಾಗುತ್ತದೆ ಅಂತ ಅವನ ವಾದ. ಸಭೆಯ ಹಿರಿಯರು ಪುಟ್ಟಾಚಾರರು, ತಲೆ ನರೆತ ಮನುಷ್ಯರು, ಗಲಾಟೆ ಅಂದರೆ ಗಡಗಡ ನಡುಗುವವರು. ಇರಲಿ ಬಿಡಮ್ಮ, ಸಂಗೀತ ತಾನೇ ಅಂತ ಅವರೂ ಅಂದರು.

ಹಿಂದಿನ ದಿನ ನಾನು ಭಾನುಪ್ರಕಾಶನ ಹತ್ತಿರ ಹೋದೆ. ಅವನು ಪೆಟ್ಟಿಗೆಯ ಧೂಳು ಒರೆಸುತ್ತಿದ್ದ. ಒಂದು ಜಾಗ ಬಿಡು ಅಂತ ಕೇಳಿದೆ. ಮಂಗಳಿಗೆ ಬಿಡುತ್ತಿದ್ದೆಯಲ್ಲ, ಹಾಗೆ. ನಾನು ಹೇಳಬೇಕಾದದ್ದು ಒಂದು ಉಸಿರಿನ ಮಾತು, ಅಷ್ಟು ಹೊತ್ತು ಆ ಬಾಲದ ಗುಂಡಿ ಹಿಂದಕ್ಕೆ ತಿರುಗಿಸಿದರೆ ಸಾಕು ಅಂದೆ.

ಅವನು ತಲೆ ಎತ್ತಲಿಲ್ಲ. “ಪೆಟ್ಟಿಗೆ ಅವ್ರದ್ದು ಅಕ್ಕ. ನನ್ನ ಕೈಯಿಂದ ಕಿತ್ಕೊಂಡ್ರೆ ನಾನ್ ಎಲ್ಲಿ ಹೋಗಿ ನುಡಿಸ್ಲಿ?”

ನನಗೆ ಮೈಯೆಲ್ಲಾ ಉರಿದುಹೋಯಿತು. ಅವಳ ಜಾಗದ ಮುಂದೆ ಇವನಿಗೆ ಇವನ ಪೆಟ್ಟಿಗೆ ಹೆಚ್ಚಾಯಿತು. ನಿನ್ನ ಬೆರಳಿಗೆ ಹುಳ ಬೀಳ ಅಂತ ಶಪಿಸಿ ಬಂದೆ. ಆ ರಾತ್ರಿಯೆಲ್ಲಾ ಹೇಳಬೇಕಾದದ್ದನ್ನು ಗೋಡೆಯ ಮುಂದೆ ನಿಂತು ಹೇಳಿದೆ, ಒರಳಿನ ಮುಂದೆ ಕೂತು ಹೇಳಿದೆ. ಹೇಳುವುದೇನು ಹೊಸದಲ್ಲ. ಅವಳು ಹೋದಾಗಿನಿಂದ ಹೋಳಿಗೆ ಸಾಲಿನಲ್ಲಿ ಕೂತು ಅದನ್ನೇ ಗೊಣಗುತ್ತಿದ್ದೆ. ಕೇಳಿ ಕೇಳಿ ಸಾಲಿನ ಹೆಂಗಸರಿಗೆ ಬಾಯಿಪಾಠ ಆಗಿತ್ತು ಅನ್ನುವುದು ಆಗ ನನಗೆ ಹೊಳೆದಿರಲಿಲ್ಲ.

ಸಭೆಯ ದಿನ ಛತ್ರ ಕಿಕ್ಕಿರಿದಿತ್ತು. ನಾವು ಹೆಂಗಸರು ಒಂದು ಗೋಡೆಗೆ ಒರಗಿ ಕೂತೆವು, ರೂಢಿಯಂತೆ ಸಾಲಾಗಿ, ನಾನು ಮೊದಲು, ಪಕ್ಕದಲ್ಲಿ ತಾಯವ್ವ. ಸಾಲಿನ ಕೊನೆಯಲ್ಲಿ ಒಬ್ಬರು ಕೂರುವಷ್ಟು ಜಾಗ ಖಾಲಿ ಉಳಿದಿತ್ತು. ಬೇಕಂತಲೇ ಬಿಟ್ಟದ್ದಲ್ಲ, ಅಭ್ಯಾಸ. ಮೊದಲು ವೃಷಭೇಂದ್ರಪ್ಪ ಎದ್ದು ನಿಂತ. ಆಗ ಪೆಟ್ಟಿಗೆ ಸುಮ್ಮನಿತ್ತು. ಅವನು ಸಾವಕಾಶವಾಗಿ, ಕೆಮ್ಮಿ, ಶಲ್ಯ ಸರಿಮಾಡಿಕೊಂಡು ತನ್ನ ಸುಳ್ಳನ್ನು ಉದ್ದಕ್ಕೂ ಹೇಳಿದ. ಆ ಬಾಗಿಲಿಗೆ ಬೀಗವೇ ಇಲ್ಲ, ಒಳಗಿನ ಅಗುಳಿ ಒಂದೇ ಅಂದ, ಕೆಂಡ ಅಂದ, ಕಳವು ಅಂದ. ಕೊನೆಗೆ ಅವಳು ನನ್ನ ಮಗಳ ಸಮಾನ ಅಂತ ಕಣ್ಣನ್ನೂ ಒರೆಸಿಕೊಂಡ. ಕೂತ ಮೇಲೆ ವೇದಿಕೆಯ ಕಡೆ ನೋಡಿ ಬೆರಳು ಎತ್ತಿದ. ಓಟ ಶುರುವಾಯಿತು.

ಪುಟ್ಟಾಚಾರರು ಕೈಯೆತ್ತಿ “ಯಾರು?” ಅಂದರು. ಓಟದಲ್ಲಿ ಅಷ್ಟು ಮಾತಿಗೆ ಜಾಗ ಇರುತ್ತದೆ. ಅದು ಮೊದಲನೆಯ ಕರೆ.

ನಾನು ಎದ್ದೆ. “ಉಗ್ರಾಣಕ್ಕೆ” ಅಂದೆ. ಕತ್ತರಿ ಬಿತ್ತು. ಬಾಯಿ ಆಡಿಸಿದೆ, ಗಾಳಿ ಬಂತು. ಗಂಟಲು ಹಿಡಿದುಕೊಂಡು ನಿಂತೆ. ಜುಳುಜುಳು ಅಂತ ಪೆಟ್ಟಿಗೆ ಹರಿಯುತ್ತಿತ್ತು, ಜನ ನನ್ನನ್ನು ನೋಡುತ್ತಿದ್ದರು, ಕೆಲವರು ಆಗಲೇ ಪಾಪ ಬಿಟ್ಟುಕೊಟ್ಟಳು ಅನ್ನುವ ಹಾಗೆ ತಲೆದೂಗುತ್ತಿದ್ದರು. ಆ ತಲೆದೂಗುವುದನ್ನು ಕಂಡು ನನಗೆ ಒಬ್ಬೊಬ್ಬರ ಜುಟ್ಟು ಹಿಡಿದು ಜಗ್ಗಬೇಕು ಅನ್ನಿಸಿತು. ಪುಟ್ಟಾಚಾರರು ಕಾದರು, ಎರಡನೆಯ ಸಲ ಕೇಳಿದರು. ನನ್ನ ಗಂಟಲು ತಿರುಗಿ ಬಂದಿತ್ತು. ಮತ್ತೆ “ಉಗ್ರಾಣಕ್ಕೆ” ಅಂದೆ, ಮತ್ತೆ ಅಷ್ಟೇ. ವೃಷಭೇಂದ್ರಪ್ಪ ಕಾಲಮೇಲೆ ಕಾಲು ಹಾಕಿಕೊಂಡ. ಮಂಗಳಿಯೂ ಹೀಗೇ ಮಾಡಿರಬೇಕು, ಒಂದು ಮಾತು ಆಡಿ, ಗಂಟಲು ಬರುವ ತನಕ ಹೊಗೆಯಲ್ಲಿ ಕಾದು, ಮತ್ತೆ ಅದೇ ಮಾತು ಆಡಿ.

ಮೂರನೆಯ ಕರೆ ಬಂತು. ನಾನು ಇನ್ನೇನು ಮಾಡಲಿ, “ಉಗ್ರಾಣಕ್ಕೆ” ಅಂದೆ. ಕತ್ತರಿ ಬಿತ್ತು.

“ಹೊರಗಿಂದ” ಅಂತ ನನ್ನ ಪಕ್ಕದಲ್ಲಿ ಕೇಳಿಸಿತು.

ತಾಯವ್ವ. ಜನ್ಮದಲ್ಲಿ ನಾಲ್ಕು ಮಾತು ಕೂಡಿಸಿ ಆಡದವಳು, ಎದ್ದು ನಿಂತಿದ್ದಳು. ಅವಳ ದನಿ ತುಂಡಾಗುತ್ತಿದ್ದ ಹಾಗೆ ಅವಳ ಪಕ್ಕದ ಶಿವನಂಜಿ ಎದ್ದು “ಬೀಗ” ಅಂದಳು. ಅವಳಾಚೆಯ ಪುಟ್ಟಗೌರಿ “ಹಾಕ್ದೋನು” ಅಂದಳು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹೋಳಿಗೆ ಕೈಯಿಂದ ಕೈಗೆ ಹೋಗುವ ಹಾಗೆ ಮಾತು ಗೋಡೆಯುದ್ದಕ್ಕೂ ಹೋಯಿತು. ಒಬ್ಬಳ ಕೈ ಖಾಲಿಯಾಗುವುದು ಇನ್ನೊಬ್ಬಳ ಮೈಗೆ ಗೊತ್ತು. ಪ್ರತಿಯೊಬ್ಬಳಿಗೂ ಒಂದು ಮಾತಿನ ಜಾಗ ಇತ್ತು, ಪ್ರತಿಯೊಬ್ಬಳೂ ಹೊಸಬಳು. “ನೀನು” ಅಂದಳು ಹೊನ್ನಮ್ಮ, ಛತ್ರದ ಯಜಮಾನನಿಗೆ ನೀನು ಅಂದಳು, ಬೆರಳು ತೋರಿಸಿ.

ವೃಷಭೇಂದ್ರಪ್ಪ ಧಡಕ್ಕನೆ ಎದ್ದ. “ಏಯ್” ಅಂದ. ಕತ್ತರಿ ಅವನಿಗೂ ಬಿತ್ತು. ತನ್ನ ಛತ್ರದಲ್ಲಿ, ತನ್ನ ಪೆಟ್ಟಿಗೆಯಿಂದ, ಅವನ ಬಾಯಿ ಮೀನಿನ ಬಾಯಿಯ ಹಾಗೆ ತೆರೆದು ಮುಚ್ಚಿತು. ನಾನು ಬದುಕಿನಲ್ಲಿ ಕಂಡ ಸಂತೋಷಗಳಲ್ಲಿ ಅದೂ ಒಂದು, ಸುಳ್ಳು ಯಾಕೆ ಹೇಳಲಿ. ಅವನು ವೇದಿಕೆಯ ಕಡೆ ತಿರುಗಿ ಕೈ ಬೀಸಿದ, ಜೋರಾಗಿ ಓಡಿಸು, ಇನ್ನೂ ಜೋರಾಗಿ ಅಂತ. ಭಾನುಪ್ರಕಾಶ ಗುಂಡಿ ತಿರುಗಿಸಿದ. ತಿರುಗಿಸಿದ ಪಾಪಿ, ನಾನು ಕಣ್ಣಾರೆ ನೋಡಿದೆ. ಜುಳುಜುಳು ಹೋಗಿ ಜರಜರ ಆಯಿತು. ಈಗ ಒಂದು ಮಾತೂ ಪೂರ್ತಿ ಹಿಡಿಸುವಂತಿರಲಿಲ್ಲ. “ಕೀಲಿ” ಅನ್ನುವುದು ಹೇಗೋ ಹಿಡಿಸಿತು. ಮುಂದಿನವಳು “ಸೊಂಟ” ಅನ್ನುವಷ್ಟರಲ್ಲಿ ದನಿ ಹೋಯಿತು, ಅದರಾಚೆಯವಳು “ದಲ್ಲಿ” ಅಂತ ಉಳಿದರ್ಧ ಎತ್ತಿಕೊಂಡಳು. “ಹುಡ್ಗಿ” ಅಂದಳು ಇನ್ನೊಬ್ಬಳು. “ಒಳ್ಗೆ” ಅಂದಳು ಸಾಲಿನ ಕಡೆಯವಳು.

ಅಲ್ಲಿಗೆ ಸಾಲು ಮುಗಿಯಿತು.

ಇನ್ನೊಂದೇ ಒಂದು ಮಾತು ಬಾಕಿ. ಅದಕ್ಕೆ ಬಾಯಿ ಇರಲಿಲ್ಲ. ಪೇರಿಸುವವಳ ಜಾಗ, ಮಂಗಳಿಯ ಜಾಗ, ಖಾಲಿ. ನಮ್ಮೆಲ್ಲರ ಗಂಟಲು ತುಂಡಾಗಿ ನಿಂತಿದ್ದೆವು. ನಾನು ಜನರ ಕಡೆ ತಿರುಗಿ ಕೈಮುಗಿದೆ. ಮುಗಿದು ಮುಗಿದು ಆ ಕಡೆ ಈ ಕಡೆ ತಿರುಗಿದೆ. ಯಾರಾದರೂ ಒಂದು ಮಾತು ಹಾಕಿ ಅಂತ ಕಣ್ಣಲ್ಲೇ ಬೇಡಿದೆ. ಮದುವೆಯ ದಿನ ಉಂಡವರೆಲ್ಲ ಅಲ್ಲೇ ಇದ್ದರು. ಅವರಿಗೆಲ್ಲ ಗಂಟಲಿತ್ತು. ಒಬ್ಬೊಬ್ಬರೂ ತಲೆ ತಗ್ಗಿಸಿ ಚಾಪೆಯ ಎಳೆ ಕಿತ್ತರು. ಪುಟ್ಟಾಚಾರರು ದೂರು ಪೂರ್ತಿಯಾಗಲಿಲ್ಲ ಅನ್ನಲು ಕೈ ಎತ್ತಿದರು.

“ಸತ್ಲು.”

ವೇದಿಕೆಯ ಮೇಲಿನಿಂದ ಬಂತು. ಭಾನುಪ್ರಕಾಶನ ಬೆರಳು ಇನ್ನೂ ಪೆಟ್ಟಿಗೆಯ ಮೇಲೇ ಇದ್ದವು, ಓಟ ಇನ್ನೂ ಓಡುತ್ತಲೇ ಇತ್ತು, ಅವನ ದನಿಯನ್ನು ಅವನದೇ ಪ್ರೀತಿಯ ಪೆಟ್ಟಿಗೆ ಆ ಗಳಿಗೆಯಲ್ಲೇ ನುಂಗಿತು. ಆದರೆ ಮಾತು ಬಿದ್ದಾಗಿತ್ತು. ಪುಟ್ಟಾಚಾರರ ಎತ್ತಿದ ಕೈ ಹಾಗೇ ನಿಂತಿತು. ಆಮೇಲೆ ಅವನು ಬೆರಳೆತ್ತಿದ. ಬಾಲಗಳು ಒಂದೊಂದಾಗಿ ಸೊರಗಿ ಸತ್ತವು. ಛತ್ರದಲ್ಲಿ ಎಂಟಕ್ಕೆ ಎಂಟು ಜಾಗವೂ ಖಾಲಿ.

ದೂರು ಪೂರ್ತಿಯಾಯಿತು ಅಂತ ಪುಟ್ಟಾಚಾರರು ಸಾರಿದರು. ಇದಕ್ಕೇನಂತೀರಿ ಅಂತ ಕೇಳಿದರು. ವೃಷಭೇಂದ್ರಪ್ಪನ ಗಂಟಲು ಇನ್ನೂ ಬಂದಿರಲಿಲ್ಲ. ಬರುವ ತನಕ ಊರೆಲ್ಲಾ ಅವನ ಸೊಂಟವನ್ನೇ ನೋಡುತ್ತಾ ಕೂತಿತು. ಕೊನೆಗೆ ಅವನು ಕೀಲಿ ಗೊಂಚಲು ಬಿಚ್ಚಿ ಹಿರಿಯರ ಮುಂದೆ ಇಟ್ಟ. ಅದರಲ್ಲಿ ಉಗ್ರಾಣದ ಬೀಗದ ಕೈ ಇತ್ತು. ಬೀಗವೇ ಇಲ್ಲ ಅಂತ ಇವನು ಹೇಳಿದ್ದ ಬಾಗಿಲಿಗೆ ಇವನ ಸೊಂಟದಲ್ಲಿ ಬೀಗದ ಕೈ ಯಾಕಿತ್ತು ಅಂತ ಯಾರೂ ಕೇಳುವ ಅಗತ್ಯ ಬೀಳಲಿಲ್ಲ. ಮಂಗಳಿ ಕಳ್ಳಿಯಲ್ಲ ಅಂತ ಅಲ್ಲಿಯೇ ಸಾರಿದರು. ಛತ್ರ ಊರಿನದಾಯಿತು. ಅವನು ಊರು ಬಿಟ್ಟ. ಉಗ್ರಾಣದ ಬಾಗಿಲನ್ನು ನಾವು ಹೆಂಗಸರೇ ಕಿತ್ತು ಒಲೆಗೆ ಹಾಕಿದೆವು.

ಭಾನುಪ್ರಕಾಶ ಆಮೇಲೆ ಮನೆಗೆ ಬಂದ. ಹೊಸಿಲಾಚೆ ನಿಂತ. ಪೆಟ್ಟಿಗೆಯ ಓಟದ ಗುಂಡಿಯನ್ನು ತಾನೇ ಕಿತ್ತು ಹಾಕಿದ್ದೇನೆ ಅಂದ. ಕ್ಷಮಿಸು ಅಂತ ಅವನೂ ಕೇಳಲಿಲ್ಲ, ನಾನೂ ಕ್ಷಮಿಸಿದೆ ಅನ್ನಲಿಲ್ಲ. ಒಂದು ಮಾತು ಕೊಟ್ಟ, ನಿಜ. ಅದಕ್ಕೆ ಊಟಕ್ಕೆ ಕೂರಿಸಿದೆ. ಆದರೆ ಆ ಒಂದು ಜಾಗವನ್ನು ಅವಳು ಉಸಿರಾಡುತ್ತಿದ್ದಾಗ ಬಿಟ್ಟಿದ್ದರೆ? ಬಡಿಸುವಾಗ ಸೌಟನ್ನು ಎಷ್ಟು ಜೋರಾಗಿ ಕುಟ್ಟಿದೆನೆಂದರೆ ಎಲೆ ಹರಿಯಿತು. ಅವನು ಹರಿದ ಎಲೆಯಲ್ಲೇ ತಲೆ ತಗ್ಗಿಸಿ ಉಂಡುಹೋದ. ಈಗಲೂ ಮದುವೆಗಳಲ್ಲಿ ನುಡಿಸುತ್ತಾನೆ. ಯಾವ ರಾಗವಾದರೂ ಏಳೇ ಸ್ವರ ಹಿಡಿಯುತ್ತಾನೆ, ಒಂದು ಖಾಲಿ. ಛತ್ರದಲ್ಲಿ ಈಗ ಜಗಳಗಳೂ ನಡೆಯುತ್ತವೆ, ಚೆನ್ನಾಗಿಯೇ ನಡೆಯುತ್ತವೆ.

ಮೊನ್ನೆ ನಮ್ಮನೆಯಲ್ಲಿ ಅಟ್ಟದ ಮೇಲಿಂದ ಹುಣಸೆಹಣ್ಣಿನ ಡಬ್ಬ ಇಳಿಸಬೇಕಾಗಿತ್ತು. ಏಣಿಯ ಮೇಲೆ ನಿಂತಿದ್ದೆ, ಕೈ ಜಾರುತ್ತಿತ್ತು. ನನಗೇ ತಿಳಿಯದೆ ಬಾಯಿಂದ ಬಂದುಬಿಟ್ಟಿತು.

“ಯಾರಾದ್ರೂ…”

ಮುಂದಿನ ಮಾತು ಆಡಲಿಲ್ಲ, ಡಬ್ಬ ಹಿಡಿಯುವ ಗಡಿಬಿಡಿ. ಅಷ್ಟರಲ್ಲಿ ಇಡೀ ಬೀದಿ ಬಂದುಬಿಟ್ಟಿತು. ಮುಂದಿನ ಬಾಗಿಲಿಂದ, ಹಿತ್ತಿಲಿಂದ, ಗೋಡೆ ಹಾರಿ. ಒಬ್ಬಳ ಕೈಯಲ್ಲಿ ಹಿಟ್ಟು ಹಾಗೇ ಇತ್ತು. ಒಬ್ಬ ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡು ಓಡಿಬಂದಿದ್ದ. ಇಬ್ಬರು ನೀರು ತುಂಬಿದ ಕೊಡ ಹೊತ್ತು ತಂದಿದ್ದರು. ಪುಟ್ಟಾಚಾರರು ಆ ವಯಸ್ಸಿನಲ್ಲಿ ಎಡವಿ, ಮೊಣಕಾಲು ತರಚಿಕೊಂಡು, ಏದುಸಿರು ಬಿಡುತ್ತಾ ನಿಂತಿದ್ದರು. ಏಣಿಯ ಮೇಲಿಂದ ನೋಡಿದೆ. ಎಲ್ಲ ಅದೇ ಮುಖಗಳು. ಆವತ್ತು ಪಂಕ್ತಿಯಲ್ಲಿ ಕೂತಿದ್ದ ಮುಖಗಳು.

ಎಂಥ ಸಿಟ್ಟು ಬಂತೆಂದರೆ ಡಬ್ಬವನ್ನು ಅವರ ತಲೆಯ ಮೇಲೇ ಎತ್ತಿ ಹಾಕಬೇಕು ಅನ್ನಿಸಿತು. ಈಗ ಬಂದಿರಾ ಅಂತ ಕೇಳಬೇಕು ಅನ್ನಿಸಿತು. ಬೀದಿಯಲ್ಲಿ ಆಗ ಒಂದೇ ಒಂದು ದನಿ ಇರಲಿಲ್ಲ, ಎಂಟೂ ಜಾಗ ನನಗೇ ಖಾಲಿ ಬಿಟ್ಟು, ಮುಂದಿನ ಮಾತಿಗಾಗಿ ಎಲ್ಲರೂ ಬಾಯಿ ಮುಚ್ಚಿ ಕಾಯುತ್ತಿದ್ದರು. ನಾನು ಡಬ್ಬವನ್ನು ಕೆಳಗೆ ಚಾಚಿದೆ. ಮುಂದೆ ನಿಂತವಳು ಹಿಡಿದುಕೊಂಡು ಪಕ್ಕದವಳಿಗೆ ಕೊಟ್ಟಳು.